ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ನಮ್ಮ ಹಳ್ಳಿಯ ಮಕ್ಕಳು ಗುಂಪು ಕಟ್ಟಿಕೊಂಡು ಆಡುವಾಗ ಪುಟ್ಟ ತಮ್ಮನೋ ತಂಗಿಯೋ ಹಟಮಾಡಿ ಬಂದರೆ ಅವರನ್ನು ಯಾರೂ ಅಟ್ಟುವುದಿಲ್ಲ. 'ನೀನು ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ಹೇಳಿ ಸೇರಿಸಿಕೊಳ್ಳುತ್ತಾರೆ. ಆ ಮಗು ಓಡುತ್ತದೆ, ಕೂಗುತ್ತದೆ, ಬಿದ್ದು ಏಳುತ್ತದೆ. ಆದರೆ ಅದು ಮುಟ್ಟಿದರೆ ಯಾರೂ ಔಟಲ್ಲ, ಅದನ್ನು ಮುಟ್ಟಿದರೂ ಅದು ಔಟಲ್ಲ. ನಾಲ್ಕು ವರ್ಷದ ಮಗುವಿನ ಮಟ್ಟಿಗೆ ಇದು ಪ್ರೀತಿಯ ಏರ್ಪಾಡೇ ಸರಿ. ಆದರೆ ಹತ್ತು ವರ್ಷ ಶಾಲೆಗೆ ಹೋದ ಮಗುವೊಂದು ಕೊನೆಯವರೆಗೂ ಲೆಕ್ಕಕ್ಕಿಲ್ಲದೆಯೇ ಉಳಿದರೆ, ಅದಕ್ಕೆ ನಾವು ಯಾವ ಹೆಸರು ಕೊಡಬೇಕು?

ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಲ್ಲಿ. ಸಾವು ಸಂಭವಿಸಿದ್ದ ಮನೆಯೊಂದಕ್ಕೆ ಸಾಂತ್ವನ ಹೇಳಲು ಆ ಊರಿಗೆ ಹೋದವನು ಹಿಂದಿರುಗಲು ಬಸ್ಸಿಗಾಗಿ ಕಾಯುತ್ತಿದ್ದೆ. ಮೂವತ್ತೈದರ ಆಸುಪಾಸಿನ ವ್ಯಕ್ತಿಯೊಬ್ಬ ಊರುಗೋಲಿನ ಮೇಲೆ ಭಾರ ಹಾಕಿ ನಡೆಯುತ್ತಾ ಬಂದು, "ಫಾದರ್, ಗುರ್ತು ಸಿಗಲಿಲ್ಲೇನ್ರಿ?" ಎಂದ. ಕಾಲನ್ನು ನೋಡಿದೊಡನೆ ಗುರುತು ಸಿಕ್ಕಿತು. ಮುಖ ನೋಡಿ ಸಿಗಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಗುರುದೀಕ್ಷೆಯಾದ ಹೊಸತರಲ್ಲಿ ನಾನು ಶಾಲೆಯೊಂದರ ಹೊಣೆ ಹೊತ್ತಿದ್ದೆ. ಈತ ಅಲ್ಲಿ ವಿದ್ಯಾರ್ಥಿಯಾಗಿದ್ದ. ಪೋಲಿಯೊದಿಂದ ಒಂದು ಕಾಲು ಸೊರಗಿತ್ತು. ಆಟದ ಅವಧಿಯಲ್ಲಿ ಅವನು ಒಬ್ಬನೇ ತರಗತಿಯಲ್ಲಿ ಕೂರಬಾರದೆಂದು ನಾನೇ ಅವನಿಗೊಂದು ಕೆಲಸ ವಹಿಸಿದ್ದೆ. ಬೇವಿನ ಮರದ ನೆರಳಿನಲ್ಲಿ ಕುಳಿತು ಓಡುವ ಮಕ್ಕಳ ಚಪ್ಪಲಿಗಳನ್ನು ಕಾಯುವುದು, ಬಾಯಾರಿ ಬಂದವರಿಗೆ ಕೊಡದಿಂದ ನೀರು ಕೊಡುವುದು. ಅವನು ಅದನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದ. ಶಾಲಾ ವಾರ್ಷಿಕೋತ್ಸವದಲ್ಲಿ ಸೇವಾಮನೋಭಾವಕ್ಕೆಂದು ಅವನಿಗೊಂದು ಬಹುಮಾನವನ್ನೂ ಕೊಡಿಸಿದ್ದೆ. ದಯೆಯ ಕಾರ್ಯ ಮಾಡಿದೆನೆಂಬ ತೃಪ್ತಿ ನನಗಿತ್ತು.

ಖಟಕ ಚಿಂಚೋಳಿಯಲ್ಲಿ ಅದನ್ನೆಲ್ಲ ನೆನಪಿಸಿಕೊಂಡು ಮಾತನಾಡುತ್ತಿದ್ದಾಗ ಆತ ನಗುತ್ತಲೇ ಹೇಳಿದ: "ನೀವು ನನಗ ಕೆಟ್ಟದ್ದೇನೂ ಮಾಡ್ಲಿಲ್ರಿ ಫಾದರ್. ಆದ್ರ ನಾಲ್ಕು ವರ್ಷದಾಗ ಒಂದು ದಿನಾನೂ ಆಡಸಲಿಲ್ಲ ನೋಡ್ರಿ." ಅಷ್ಟರಲ್ಲಿ ಬಸ್ಸು ಬಂತು. ಅವನು ನನ್ನ ಚೀಲವನ್ನು ಮೇಲೆ ಕೊಟ್ಟು ಕೈಮುಗಿದ.

ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಅವನು ಚಪ್ಪಲಿ ಕಾಯುತ್ತಿದ್ದ ದಿನಗಳಲ್ಲಿಯೇ, 2001ರಲ್ಲಿ, ನಮ್ಮ ಕರ್ನಾಟಕದ ಮಾಲತಿ ಹೊಳ್ಳ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಶೈಶವದಲ್ಲೇ ಪಾರ್ಶ್ವವಾಯುವಿಗೆ ತುತ್ತಾಗಿ ಗಾಲಿಕುರ್ಚಿಯನ್ನು ಅವಲಂಬಿಸಿದ ಅವರು ಅಷ್ಟರೊಳಗೆ ದೇಶವಿದೇಶಗಳ ಕ್ರೀಡಾಕೂಟಗಳಲ್ಲಿ ಪದಕ ಗೆದ್ದಿದ್ದರು. 1995ರಲ್ಲೇ ಅರ್ಜುನ ಪ್ರಶಸ್ತಿಗೂ ಪಾತ್ರರಾಗಿದ್ದರು. ಅವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ನಾನು ಮೆಚ್ಚಿದ್ದೆ. ಆದರೆ ಆ ಸುದ್ದಿಗೂ ನನ್ನ ಶಾಲೆಯ ಬೇವಿನ ಮರದ ಕೆಳಗೆ ಕುಳಿತ ಹುಡುಗನಿಗೂ ಏನಾದರೂ ಸಂಬಂಧವಿದೆಯೆಂದು ನನಗೆ ಹೊಳೆಯಲೇ ಇಲ್ಲ. ದಯೆಯು ನ್ಯಾಯದ ಜಾಗದಲ್ಲಿ ಬಂದು ಕುಳಿತುಬಿಟ್ಟರೆ ಮನುಷ್ಯ ಎಷ್ಟು ಕುರುಡನಾಗುತ್ತಾನೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಆ ಮರದ ಕೆಳಗೆ ಇನ್ನೂ ಅನೇಕ ಮಕ್ಕಳಿದ್ದಾರೆ. ನಮ್ಮ ಬೀದರ್, ಭಾಲ್ಕಿ, ಔರಾದ್ ಕಡೆಯ ಒಂದೊಂದು ತರಗತಿಯಲ್ಲೂ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಮಾತನಾಡುವ ಮಕ್ಕಳು ಜೊತೆಗೆ ಕೂರುತ್ತಾರೆ. ದುಡಿಮೆಗಾಗಿ ಹೈದರಾಬಾದಿಗೋ ಪುಣೆಗೋ ಹೋಗಿಬಂದ ಕುಟುಂಬದ ಮಗು ವರ್ಷದ ನಡುವೆ ಶಾಲೆಗೆ ಬರುತ್ತದೆ. ಅಷ್ಟರಲ್ಲಿ ತಂಡಗಳು ಆಯ್ಕೆಯಾಗಿ ಮುಗಿದಿರುತ್ತವೆ. ತಾಂಡಾದ ಹುಡುಗನಿಗೆ ಬೂಟಿಲ್ಲ, ಸ್ಥೂಲದೇಹದ ಹುಡುಗನನ್ನು ಕಂಡರೆ ನಗು. ಎಂಟನೆಯ ತರಗತಿಯವರೆಗೆ ಜಿಂಕೆಯಂತೆ ಓಡುತ್ತಿದ್ದ ಹುಡುಗಿ ಒಮ್ಮೆಲೇ ಮೈದಾನದಿಂದ ಮರೆಯಾಗುತ್ತಾಳೆ. ಕಾರಣ ಕೇಳಿದರೆ, "ದೊಡ್ಡಾಕಿ ಆಗ್ಯಾಳ್ರಿ ಫಾದರ್, ಇನ್ನ ಆಟ ಯಾಕ್ರಿ?" ಎನ್ನುತ್ತಾರೆ ಅಜ್ಜಿ. ಒಬ್ಬೊಬ್ಬರನ್ನು ಹೊರಗಿಡುವುದಕ್ಕೂ ಒಂದೊಂದು ಕಾರಣ ಸಿದ್ಧವಾಗಿದೆ. ಎಲ್ಲ ಕಾರಣಗಳೂ ಆ ಮಗುವಿನ ಹಿತಕ್ಕಾಗಿಯೇ ಇರುವಂತೆ ತೋರುತ್ತವೆ.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ದೈಹಿಕ ಶಿಕ್ಷಕರೊಬ್ಬರು ನನಗೆ ಹೇಳಿದ್ದುಂಟು: "ಎಲ್ಲರನ್ನೂ ಆಡಿಸಿದ್ರ ಹೋಬಳಿ ಮಟ್ಟದಾಗೇ ಸೋತು ಬರ್ತೀವ್ರಿ ಫಾದರ್. ಕಷ್ಟಪಟ್ಟು ಕಲಿತ ಹುಡುಗರಿಗೆ ಅನ್ಯಾಯ ಆಗೋದಿಲ್ಲೇನ್ರಿ?" ಈ ಮಾತಿನಲ್ಲಿ ಸತ್ಯವಿದೆ. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋಗುವ ಕ್ರೀಡಾಕೂಟಕ್ಕೆ ಉತ್ತಮರನ್ನೇ ಕಳುಹಿಸಬೇಕು. ಪ್ರತಿಭೆಯೂ ಪರಿಶ್ರಮವೂ ಗೌರವಕ್ಕೆ ಅರ್ಹ. ಆದರೆ ಕ್ರೀಡಾಕೂಟ ಬೇರೆ, ಆಟದ ಅವಧಿ ಬೇರೆ. ಗಣಿತದ ಅವಧಿಯಲ್ಲಿ ಮುಂದೆ ಎಂಜಿನಿಯರಾಗುವ ಇಬ್ಬರಿಗೆ ಮಾತ್ರ ಪಾಠ ಹೇಳಿ, ಉಳಿದವರನ್ನು ಚಪ್ಪಲಿ ಕಾಯಲು ಕೂರಿಸಿದರೆ ಯಾವ ತಂದೆತಾಯಿ ಸುಮ್ಮನಿರುತ್ತಾರೆ? ಆಟದ ವಿಷಯದಲ್ಲಿ ಮಾತ್ರ ನಾವೆಲ್ಲ ಸುಮ್ಮನಿದ್ದೇವೆ.

ಕಾನೂನು ಸುಮ್ಮನಿಲ್ಲ. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಆಟವನ್ನು ಮಗುವಿನ ಹಕ್ಕೆಂದೇ ಎಣಿಸುತ್ತದೆ. ಭಾರತ 1992ರಲ್ಲಿ ಅದಕ್ಕೆ ಒಪ್ಪಿಗೆಯಿತ್ತಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ ಮತ್ತು ಕ್ರೀಡಾ ಸಾಮಗ್ರಿಗಳನ್ನು ವಿಧಿಸಲಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ವಿಕಲಚೇತನ ಮಕ್ಕಳಿಗೆ ಇತರರಿಗೆ ಸಮಾನವಾಗಿ ಆಟೋಟಗಳ ಅವಕಾಶ ಕಲ್ಪಿಸುವುದು ಶಾಲೆಯ ಕರ್ತವ್ಯ. ಕಾನೂನು ಇದನ್ನು ಕರ್ತವ್ಯವೆನ್ನುತ್ತದೆ. ನಾನು ಅದನ್ನು ಉಪಕಾರವೆಂದು ತಿಳಿದಿದ್ದೆ.

ಹಾಗಾದರೆ ಮೈದಾನದೊಳಗೆ ಬಿಟ್ಟುಕೊಂಡ ಮಾತ್ರಕ್ಕೆ ಸಮಾನತೆ ಬಂದಂತಾಯಿತೇ? ಧಾರವಾಡದಲ್ಲಿ ಜನಿಸಿದ ಪಾಲ್ವಣಕರ್ ಬಾಳೂ ಅವರ ಬದುಕು ಇದಕ್ಕೆ ಉತ್ತರ ಹೇಳುತ್ತದೆ. ಚಮ್ಮಾರ ಸಮುದಾಯದ ಬಾಳೂ ಅವರ ಕಾಲದಲ್ಲಿ ಅವರಂಥ ಬೌಲರ್ ಭಾರತದಲ್ಲಿರಲಿಲ್ಲ. ಪುಣೆಯ ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು. ಆದರೆ ಚಹಾ ವಿರಾಮದಲ್ಲಿ ಅವರಿಗೆ ಪೆವಿಲಿಯನ್ನಿನ ಹೊರಗೆ, ಬಳಸಿ ಎಸೆಯುವ ಮಣ್ಣಿನ ಲೋಟದಲ್ಲಿ ಚಹಾ ಕೊಡಲಾಗುತ್ತಿತ್ತು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು 114 ವಿಕೆಟ್ ಪಡೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. ಅದು ದೊರೆತದ್ದು 1923ರಲ್ಲಿ, ಅವರ ತಮ್ಮ ವಿಠ್ಠಲ ಅವರಿಗೆ. ಬಾಳೂ ಅವರ ಕೈ ಬೇಕಿತ್ತು, ಆ ಕೈ ಮುಟ್ಟಿದ ಲೋಟ ಬೇಡವಾಗಿತ್ತು.

ಇನ್ನೊಂದು ನಿದರ್ಶನ ನಮಗೆ ಇನ್ನೂ ಹತ್ತಿರದ್ದು. ಉತ್ತರ ಕನ್ನಡದ ಕಾಡಂಚಿನ ಸಿದ್ದಿ ಜನರಲ್ಲಿ ಅನೇಕರು ನಮ್ಮ ವಿಶ್ವಾಸದ ಸಹೋದರ ಸಹೋದರಿಯರೇ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯೊಂದರಡಿ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿಗೆ ಕರೆದೊಯ್ದಿತು. ಆಫ್ರಿಕಾ ಮೂಲದ ಇವರು ದೇಶಕ್ಕೆ ಪದಕ ತರಬಲ್ಲರು ಎಂಬುದು ಅದರ ಹಿಂದಿನ ನಿರೀಕ್ಷೆ. ಕೆಲವರು ಎತ್ತರಕ್ಕೆ ಏರಿದ್ದೂ ನಿಜ. ಆದರೆ 1990ರ ದಶಕದ ಆರಂಭದಲ್ಲಿ ಯೋಜನೆ ನಿಂತುಹೋಯಿತು. ಮಗುವಿನ ದೇಹದಲ್ಲಿ ಪದಕವನ್ನು ಮಾತ್ರ ಕಾಣುವವರು, ಪದಕದ ಆಸೆ ಬತ್ತಿದಾಗ ಮಗುವನ್ನೂ ಮರೆಯುತ್ತಾರೆ. ಆದ್ದರಿಂದ ಹೊರಗೆ ನಿಲ್ಲಿಸುವುದು ಒಂದು ತಪ್ಪಾದರೆ, ಗೆಲುವಿಗೆ ಬೇಕಾದಾಗ ಮಾತ್ರ ಒಳಗೆ ಕರೆಯುವುದು ಇನ್ನೊಂದು ತಪ್ಪು.

ಎಲ್ಲರಿಗೂ ಒಂದೇ ಗೆರೆ, ಒಂದೇ ನಿಯಮ ಎಂಬುದೇ ಸಮಾನತೆ ಎಂದು ನಾವು ಬಗೆಯುತ್ತೇವೆ. ಆದರೆ ಆಟದ ನಿಯಮಗಳು ಆಕಾಶದಿಂದ ಇಳಿದು ಬಂದವಲ್ಲ. ಅವನ್ನು ಮನುಷ್ಯರೇ ಮಾಡಿದರು, ಮನುಷ್ಯರೇ ಬದಲಿಸುತ್ತಲೂ ಇದ್ದಾರೆ. ತಲೆವಸ್ತ್ರ ಧರಿಸಿದ ಹೆಣ್ಣುಮಕ್ಕಳಿಗೆ ಫುಟ್‌ಬಾಲಿನ ಜಾಗತಿಕ ಸಂಸ್ಥೆ 2014ರಲ್ಲಿ, ಬಾಸ್ಕೆಟ್‌ಬಾಲಿನ ಸಂಸ್ಥೆ 2017ರಲ್ಲಿ ಅವಕಾಶ ಕೊಟ್ಟವು. ಅದರಿಂದ ಆಟ ಕೆಡಲಿಲ್ಲ. ಅಂಧರ ಕ್ರಿಕೆಟ್ಟನ್ನು ನೋಡಿ. ಚೆಂಡಿನೊಳಗೆ ಲೋಹದ ಗುಂಡುಗಳಿರುತ್ತವೆ. ಆಟಗಾರರು ಸದ್ದು ಕೇಳಿ ಆಡುತ್ತಾರೆ. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಲೇಬೇಕು. ಪೂರ್ಣ ಅಂಧರು ಗಳಿಸಿದ ಒಂದು ರನ್ನು ಎರಡಾಗಿ ಎಣಿಕೆಯಾಗುತ್ತದೆ. 2025ರ ನವೆಂಬರಿನಲ್ಲಿ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ಪನ್ನು ಭಾರತ ಗೆದ್ದಾಗ ತಂಡದ ನಾಯಕಿಯಾಗಿದ್ದವರು ಕರ್ನಾಟಕದ ಆಟಗಾರ್ತಿ ದೀಪಿಕಾ ಟಿ.ಸಿ. ಆ ಆಟದಲ್ಲಿ ಅತ್ಯಂತ ಕಡಿಮೆ ಕಾಣುವವರು 'ಲೆಕ್ಕಕ್ಕಿಲ್ಲ'ದವರಲ್ಲ, ಲೆಕ್ಕದಲ್ಲಿ ಇಮ್ಮಡಿಯಾದವರು. ಇದು ಕನಿಕರದ ಅಂಕವಲ್ಲ. ಕತ್ತಲಲ್ಲಿ ಗಳಿಸಿದ ರನ್ನಿಗೆ ತಕ್ಕ ಬೆಲೆ.

ಸಂತ ಪೌಲರು ಕೊರಿಂಥದ ಸಭೆಗೆ ಪತ್ರ ಬರೆದಾಗ ಆ ಪಟ್ಟಣದ ಸಮೀಪದಲ್ಲೇ ಎರಡು ವರ್ಷಕ್ಕೊಮ್ಮೆ ಪ್ರಸಿದ್ಧ ಕ್ರೀಡಾಕೂಟ ನಡೆಯುತ್ತಿತ್ತು. ಅವರ ಮೊದಲನೆಯ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಓಟದ ಪಂದ್ಯದ ಉಪಮೆ ಬರುತ್ತದೆ. ಓಡುವವರು ಹಲವರು, ಬಹುಮಾನ ಪಡೆಯುವವನು ಒಬ್ಬ. ಶಾಲೆಗಳ ಕ್ರೀಡಾದಿನದಂದು ನಾವು ಗುರುಗಳು ಉದಾಹರಿಸುವುದು ಇದನ್ನೇ. ಮೂರು ಅಧ್ಯಾಯ ದಾಟಿದರೆ ಅದೇ ಪತ್ರದಲ್ಲಿ ದೇಹದ ಉಪಮೆಯಿದೆ. ಬಲಹೀನವಾಗಿ ತೋರುವ ಅಂಗಗಳಿಲ್ಲದೆ ದೇಹವೇ ಇಲ್ಲವೆಂದು ಅಲ್ಲಿ ಪೌಲರು ಬೋಧಿಸುತ್ತಾರೆ. ಕ್ರೀಡಾದಿನದಂದು ನಾನು ಆ ಪುಟವನ್ನು ತೆರೆದು ಓದಿದ ನೆನಪಿಲ್ಲ. ಪ್ರವಾದಿ ಜೆಕರ್ಯನು ಉದ್ಧಾರಗೊಂಡ ಜೆರುಸಲೇಮನ್ನು ಕಂಡಾಗ ಅದರ ಬೀದಿಗಳ ತುಂಬ ಆಡುವ ಮಕ್ಕಳಿದ್ದರು. ಬಾಲಕರು ಮಾತ್ರವಲ್ಲ, ಬಾಲಕಿಯರೂ ಇದ್ದರು ಎಂಬುದನ್ನು ಆತ ಮರೆಯದೆ ಹೇಳಿದ್ದಾನೆ.

ನಮ್ಮ ಖೋ ಖೋ ಆಟದಲ್ಲೂ ಇದೇ ಪಾಠವಿದೆ. ಬೆನ್ನಟ್ಟುವ ತಂಡದ ಎಂಟು ಮಂದಿ ಸಾಲಾಗಿ ಕೂತಿರುತ್ತಾರೆ, ಓಡುವವನು ಒಬ್ಬ. ಅವನೆಷ್ಟೇ ಚುರುಕಾದರೂ ಹಿಂದಕ್ಕೆ ತಿರುಗುವಂತಿಲ್ಲ. ಕೂತವನೊಬ್ಬನಿಗೆ 'ಖೋ' ಕೊಟ್ಟು ಅವನ ಜಾಗದಲ್ಲಿ ತಾನು ಕೂರಲೇಬೇಕು. ಎರಡು ಕಂಬ ಮತ್ತು ಒಂದಿಷ್ಟು ಬಯಲಿದ್ದರೆ ಸಾಕು, ಬಡವರ ಮಕ್ಕಳೂ ಆಡಬಹುದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ಆಟದ ಮೊದಲ ವಿಶ್ವಕಪ್ ನಡೆದಾಗ, ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಎಂಬ ಹಳ್ಳಿಯ ಬಿ. ಚೈತ್ರಾ ಇದ್ದರು. ದೊಡ್ಡವಳಾದಳೆಂದು ಆಕೆಯನ್ನು ಮನೆಯಲ್ಲೇ ಕೂರಿಸಿದ್ದರೆ ಆ ಓಟವನ್ನು ಯಾರೂ ಕಾಣುತ್ತಿರಲಿಲ್ಲ. ಆದರೆ ಕಪ್ಪು ಗೆಲ್ಲದ ಸಾವಿರಾರು ಹೆಣ್ಣುಮಕ್ಕಳಿಗೂ ಓಡುವ ಹಕ್ಕು ಅಷ್ಟೇ ಇದೆ.

ಇದನ್ನೆಲ್ಲ ಶಾಲೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ. ಸಂಜೆ ಮಗ ಬ್ಯಾಟು ಹಿಡಿದು ಹೊರಡುವಾಗ ಮಗಳ ಕೈಗೆ ಕೊಡ ಕೊಡುವವರು ಯಾರು? 'ನಿನ್ನಿಂದ ಆಗೋದಿಲ್ಲ, ಸುಮ್ಮನೆ ಕೂಡು' ಎಂಬ ಮಾತನ್ನು ಮಗು ಮೊದಲು ಕೇಳುವುದು ಯಾರ ಬಾಯಿಂದ? ಪಾಲಕರ ಸಭೆಯಲ್ಲಿ ಅಂಕಗಳ ಬಗ್ಗೆ ಹತ್ತು ಪ್ರಶ್ನೆ ಕೇಳುವ ನಾವು, 'ನನ್ನ ಮಗು ಆಡುತ್ತದೆಯೇ? ಅದರ ಪಕ್ಕದ ಮಗು ಆಡುತ್ತದೆಯೇ?' ಎಂದು ಒಮ್ಮೆ ಕೇಳಿದರೆ ಬಹಳಷ್ಟು ಬದಲಾದೀತು. ಎರಡನೆಯ ಪ್ರಶ್ನೆಯೇ ಹೆಚ್ಚು ಮುಖ್ಯ.

ಖಟಕ ಚಿಂಚೋಳಿಯಿಂದ ಬಂದ ಮೇಲೆ ನಮ್ಮ ಧರ್ಮಕೇಂದ್ರದ ಹಬ್ಬ ಬಂತು. ಮಕ್ಕಳಿಗೆ ಲಗೋರಿ ಆಟ ಇಟ್ಟಿದ್ದೆವು. ಕಾಲಿನ ತೊಂದರೆಯಿದ್ದ ಹುಡುಗಿಯೊಬ್ಬಳು ಗೋಡೆಗೊರಗಿ ನೋಡುತ್ತಿದ್ದಳು. ಅವಳಿಗೊಂದು ಕೆಲಸ ಕೊಡೋಣವೆಂದು ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡು, ಇವಳನ್ನು ಹೇಗೆ ಆಡಿಸುವುದೆಂದು ಮಕ್ಕಳನ್ನೇ ಕೇಳಿದೆ. ಅವರು ಎರಡು ನಿಮಿಷವೂ ತೆಗೆದುಕೊಳ್ಳಲಿಲ್ಲ. ಚೆಂಡು ಎಸೆದು ಕಲ್ಲು ಬೀಳಿಸುವವಳು ಅವಳು, ಅವಳ ಪರವಾಗಿ ಓಡಿ ಕಲ್ಲು ಜೋಡಿಸುವವಳು ಗೆಳತಿ, ಗೆಳತಿಗೆ ಚೆಂಡು ತಗುಲಿದರೆ ಔಟಾಗುವವಳು ಅವಳೇ. ನನಗೆ ಇಪ್ಪತ್ತೈದು ವರ್ಷ ಹೊಳೆಯದಿದ್ದುದು ಅವರಿಗೆ ಹೊಳೆದಿತ್ತು.

ಮೂರನೆಯ ಎಸೆತಕ್ಕೆ ಅವಳು ಔಟಾದಳು. ಚೆಂಡು ತಗುಲಲೇ ಇಲ್ಲವೆಂದು ಜೋರಾಗಿ ಜಗಳ ತೆಗೆದಳು. ಎದುರಾಳಿಗಳೂ ಬಿಟ್ಟುಕೊಡಲಿಲ್ಲ. ಬಿಡಿಸಲು ಹೋಗಬೇಕಾದ ನಾನು ಸುಮ್ಮನೆ ನಿಂತು ಕೇಳಿದೆ. ಔಟಾಗುವ ಹಕ್ಕು, ಔಟಾದದ್ದಕ್ಕೆ ಜಗಳವಾಡುವ ಹಕ್ಕು ಅವಳಿಗೆ ದೊರೆತಿತ್ತು. ಬೇವಿನ ಮರದ ಕೆಳಗೆ ಕುಳಿತಿದ್ದ ಆ ಹುಡುಗನಿಗೆ ನಾನು ಕೊಡದೆ ಹೋದದ್ದು ಅದನ್ನೇ.