ಉಳಿಯೂ ಭೂತವೂ

ನಮ್ಮಲ್ಲಿ ‘ಭೂತ’ವೆಂದರೆ ಮಣ್ಣು, ನೀರು, ಬೆಂಕಿಗಳೂ ಹೌದು, ಕಾಡುವ ಶಕ್ತಿಯೂ ಹೌದು. ಟೋಲ್ಕಿನ್ನನು 1954–55ರಲ್ಲಿ ಪ್ರಕಟಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಕಲ್ಪಿತಕಥೆಯನ್ನು ಓದುವಾಗ ಈ ಎರಡರ್ಥಗಳ ನಂಟು ನನಗೆ ನೆನಪಾಗುತ್ತದೆ.

ಅಲ್ಲಿಯ ಕುಬ್ಜರು ಕಲ್ಲು ಲೋಹಗಳ ಕಸಬಿನವರು. ಮಿಥ್ರಿಲ್ ಎಂಬ ಲೋಹದ ಆಸೆಗೆ ಬಿದ್ದು ಮೋರಿಯಾದ ಗಣಿಗಳನ್ನು ಆಳಕ್ಕೆ ತೋಡುತ್ತ ಹೋದರು. ತಳದಲ್ಲಿದ್ದ ಬಾಲ್‌ರಾಗ್ ಎಂಬ ಅಗ್ನಿಭೂತ ಎಚ್ಚೆತ್ತು ಅವರ ಅರಸನನ್ನು ಕೊಂದಿತು, ಊರು ಹಾಳಾಯಿತು. ಎಲ್ಫರಾದರೋ ಮಾತು, ಹಾಡುಗಳ ಜನ. ಅವರು ಮರಗಳನ್ನು ಎಚ್ಚರಿಸಿ ಮಾತು ಕಲಿಸಿದರು.

ಹಾಗಾದರೆ ಮಾತಿನವನು ಮೇಲು, ಕಸಬಿನವನು ಕೀಳು ಎನ್ನೋಣವೆ? ಪಾಠ ಹೇಳಿ ಬದುಕುವ ನನ್ನಂಥವನಿಗೆ ಆ ತೀರ್ಪು ಹಿತವೇ. ಕಥೆ ಮಾತ್ರ ಅದನ್ನು ಒಪ್ಪುವುದಿಲ್ಲ. ಮೋರಿಯಾದ ಹಾಳನ್ನು ಕಣ್ಣಾರೆ ಕಂಡು ಬಂದ ಗಿಮ್ಲಿ ಎಂಬ ಕುಬ್ಜನು ಮುಂದೆ ಹೊಳೆಯುವ ಗುಹೆಗಳನ್ನು ಕಾಣುತ್ತಾನೆ. ತನ್ನವರು ಇವನ್ನು ಅಗೆದು ಬರಿದು ಮಾಡರು, ತೋಟದಂತೆ ಪೋಷಿಸುವರು, ದಿನವಿಡೀ ದುಡಿದು ಒಂದು ಚೂರನ್ನಷ್ಟೇ ಕೆತ್ತುವರು ಎನ್ನುತ್ತಾನೆ. ಜನವೂ ಅದೇ, ಉಳಿಯೂ ಅದೇ.

ಯಾವ ಭೂತದೊಡನೆ ನಮ್ಮ ಒಡನಾಟ ಎಂಬುದನ್ನು ಸಂಸ್ಕೃತಿ ಗೊತ್ತುಮಾಡುತ್ತದೆ. ಅದು ಕೆಳೆಯೋ ಕೇಡೋ ಎಂಬುದು ಆಸೆಯ ಅಳತೆಗೆ ಸೇರಿದ್ದು. ಕೆಳಗೇನಿದೆಯೆಂದು ಕುಬ್ಜರಿಗೆ ತಿಳಿದಿರಲಿಲ್ಲವಲ್ಲ ಎಂದು ಓದುಗರು ಕೇಳಬಹುದು. ನಿಜ. ತಿಳಿಯದಿದ್ದುದು ಅವರ ತಪ್ಪಲ್ಲ. ತಿಳಿಯದ ಕಡೆಯಲ್ಲೂ ಉಳಿಯನ್ನು ತಡೆಯದೆ ಹೋದುದು ತಪ್ಪು. ಗಣಿ ತೋಡುವ ಯಾವ ಜನಕ್ಕೂ ಈ ಮಾತು ಸಲ್ಲುತ್ತದೆಂದು ನನ್ನ ಎಣಿಕೆ.