ಇಂದಿನ ಧಮ್ಮ ಚಿಂತನೆ: ಪಾತ್ರೆ ತೊಳೆಯುವ ಯಂತ್ರ ನಮ್ಮ ಮನೆಗೆ ಬೇಕೇ?

ಇವತ್ತಿನ ಪ್ರಶ್ನೆ ತೀರಾ ಸಣ್ಣದು ಅನ್ನಿಸಬಹುದು. ಮನೆಗೆ ಒಂದು ಡಿಶ್‌ವಾಷರ್ ಬೇಕೇ, ಬೇಡವೇ? ನಮ್ಮ ಮನೆಯಲ್ಲಿ ಈ ಮಾತು ಒಂದು ತಿಂಗಳಿಗೂ ಮೇಲೆ ನಡೆಯಿತು. ಅದರಲ್ಲಿ ನನ್ನ ತಪ್ಪು ನನಗೆ ಕಂಡಿದ್ದರಿಂದ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ನಾವಿರುವುದು ಕುದಾಪುರದ ಹತ್ತಿರದ ಹಳ್ಳಿಯಲ್ಲಿ. ಅವ್ವ, ನಾನು, ನನ್ನ ಹೆಂಡತಿ, ಕಾಲೇಜಿಗೆ ಹೋಗುವ ಮಗ, ನಾಲ್ಕು ಜನ. ಹೆಂಡತಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಬೆಳಿಗ್ಗೆ ಮನೆಯ ಪಾತ್ರೆ, ಮಧ್ಯಾಹ್ನ ಶಾಲೆಯ ಪಾತ್ರೆ, ರಾತ್ರಿ ಮತ್ತೆ ಮನೆಯ ಪಾತ್ರೆ. ಸೋಪಿನ ನೀರಿಗೆ ಅವಳ ಬೆರಳ ಸಂದಿಗಳು ಬಿರಿದು ಉರಿಯುತ್ತವೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು ಧಮ್ಮಚಕ್ರ ಪ್ರವರ್ತನ ದಿನಕ್ಕೆ ಊರಿಗೆ ಬಂದಾಗ ಅಮ್ಮನ ಕೈ ನೋಡಿ, "ಅಪ್ಪಾ, ನಾನು ಡಿಶ್‌ವಾಷರ್ ಕೊಡಿಸ್ತೀನಿ" ಅಂದಳು.

ನಾನು ತಕ್ಷಣ ಬೇಡ ಅಂದೆ. ಕಾರಣಗಳಿಗೇನೂ ಕೊರತೆ ಇರಲಿಲ್ಲ. ಬೆಲೆ ₹30,000ದಿಂದ ₹40,000. ನಮ್ಮದು ಬೋರ್‌ವೆಲ್‌ನ ಗಡಸು ನೀರು, ಯಂತ್ರಕ್ಕೆ ಅದರದೇ ಉಪ್ಪು ಹಾಕುತ್ತಿರಬೇಕು. ಅಲ್ಯೂಮಿನಿಯಂ ಪಾತ್ರೆ ಹಾಕಿದರೆ ಕಪ್ಪಾಗುತ್ತದೆ, ಮುದ್ದೆ ಕೋಲಿನಂಥ ಮರದ ಸಾಮಾನು ಹಾಳಾಗುತ್ತದೆ, ಕಬ್ಬಿಣದ ಕಾವಲಿ ತುಕ್ಕು ಹಿಡಿಯುತ್ತದೆ. ಇಷ್ಟೆಲ್ಲ ಹೇಳಿದ ಮೇಲೂ ಮಗಳು ಸುಮ್ಮನಾಗಲಿಲ್ಲ. ಕೊನೆಗೆ ಧಮ್ಮವನ್ನೇ ಎಳೆದು ತಂದೆ. "ಇದೆಲ್ಲ ತೃಷ್ಣೆ ಕಣಮ್ಮ. ಇದ್ದುದರಲ್ಲಿ ತೃಪ್ತಿ ಇರಬೇಕು."

ಅವಳು ಕೇಳಿದಳು: "ಹೋದ ವರ್ಷ ನೀವು ಹೊಸ ಬೈಕ್ ತಗೊಂಡಾಗ ಅದು ತೃಷ್ಣೆ ಆಗಿರಲಿಲ್ವಾ ಅಪ್ಪಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಪಕ್ಕದ ಮನೆಯವರು ಬೇರೆ ದಾರಿ ಹೇಳಿದರು. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಕೆಲಸಕ್ಕೆ ಒಬ್ಬ ಹೆಣ್ಣುಮಗಳು ಸಿಗುತ್ತಾಳೆ, ಯಂತ್ರ ಯಾಕೆ ಅಂತ. ಆಗ ಅವ್ವ ಬಾಯಿ ತೆರೆದಳು. ಅವ್ವ ಚಳ್ಳಕೆರೆಯಲ್ಲಿ ಒಂದು ದೊಡ್ಡ ಮನೆಯ ಪಾತ್ರೆ ತೊಳೆಯುತ್ತಿದ್ದವಳು. ಕೆಲಸವೆಲ್ಲ ಹಿತ್ತಲಲ್ಲಿ. ಒಳಗೆ ಕಾಲಿಡುವಂತಿರಲಿಲ್ಲ. "ನಾನು ತಿಕ್ಕಿ ತೊಳೆದು ಬೋರಲಾಕಿದ ಪಾತ್ರೆ ಮ್ಯಾಲೆ ಆಯಮ್ಮ ಇನ್ನೊಂದು ಚೊಂಬು ನೀರು ಸುರುದು ಒಳಕ್ಕೆ ತಗಂಡು ಹೋಗೋಳು" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಈ ಮಿಷನ್ನು ತೊಳೆದ ಮ್ಯಾಲೆ ಯಾರಾದ್ರೂ ಹಂಗೆ ನೀರು ಸುರೀತಾರೇನಪ್ಪ?"

ಬಂಧುಗಳೇ, ಎಂಜಲು ತೊಳೆಯುವ ಕೆಲಸ ನಮಗೆ ಬರೀ ಕೆಲಸವಾಗಿರಲಿಲ್ಲ. ನಮ್ಮ ಹಿರಿಯರು ಹೋಟೆಲಿನಲ್ಲಿ ಬೇರೆ ಲೋಟದಲ್ಲಿ ಟೀ ಕುಡಿದು, ಆ ಲೋಟವನ್ನು ತಾವೇ ತೊಳೆದು ಇಟ್ಟು ಬಂದವರು. ಇವತ್ತಿಗೂ ಕೆಲವು ಕಡೆ ದಲಿತ ಹೆಣ್ಣುಮಗಳು ಮಾಡಿದ ಬಿಸಿಯೂಟವನ್ನು ಮಕ್ಕಳು ಉಣ್ಣುವುದು ಬೇಡ ಅನ್ನುವ ಪಾಲಕರಿದ್ದಾರೆ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಆಕೆ ಅದೇ ಅಡುಗೆಮನೆಯ ನೆಲ ಒರೆಸಿದರೆ ಅವರಿಗೆ ತಕರಾರಿಲ್ಲ. ಹಾಗಿರುವಾಗ ನಮ್ಮ ಮನೆಯ ಎಂಜಲನ್ನು ನಮಗಿಂತ ಬಡವಳಾದ ಇನ್ನೊಬ್ಬಳ ಕೈಗೆ ದಾಟಿಸಿ ನಿರಾಳವಾಗುವುದು ನನಗೂ ಒಪ್ಪಿಗೆಯಾಗಲಿಲ್ಲ. ಸರಿಯಾದ ಕೂಲಿ, ಸರಿಯಾದ ಮರ್ಯಾದೆ ಕೊಟ್ಟು ಕೆಲಸ ಕೊಡುವುದು ತಪ್ಪಲ್ಲ. ಆದರೆ ನಾನು ಕೊಡಲು ಲೆಕ್ಕ ಹಾಕಿದ್ದ ಕೂಲಿ ಸರಿಯಾದದ್ದಾಗಿರಲಿಲ್ಲ, ಅದು ನನಗೇ ಗೊತ್ತಿತ್ತು.

ಇಷ್ಟಾದ ಮೇಲೆ ಒಂದು ಭಾನುವಾರ ನಮ್ಮ ಅಧ್ಯಯನ ಬಳಗದ ಸರದಿ ನಮ್ಮ ಮನೆಯಲ್ಲಿ ಬಂತು. ತ್ರಿಶರಣ, ಪಂಚಶೀಲ ಆಯಿತು. ಮಂಡಕ್ಕಿ, ಟೀ ಆಯಿತು. ಆವತ್ತು ಬಾಬಾಸಾಹೇಬರು ಯಂತ್ರಗಳ ಬಗ್ಗೆ ಏನು ಹೇಳಿದ್ದಾರೆ ಎಂದು ನಾನು ವಿವರಿಸಬೇಕಿತ್ತು. 1945ರಲ್ಲಿ ಬಂದ, ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳುವ ಪುಸ್ತಕದಲ್ಲಿ ಅವರು ಗಾಂಧಿವಾದವನ್ನು ಪರಿಶೀಲಿಸುತ್ತಾ ಯಂತ್ರದ ಪರವಾಗಿ ವಾದ ಮಾಡುತ್ತಾರೆ. ಅವರ ವಾದದ ಸಾರ ಇಷ್ಟು: ಮನುಷ್ಯ ಪ್ರಾಣಿಯಂತೆ ಬರೀ ಹೊಟ್ಟೆಗಾಗಿ ದುಡಿದು ಸಾಯಬಾರದು. ಓದಲು, ಯೋಚಿಸಲು, ಮನಸ್ಸನ್ನು ಬೆಳೆಸಿಕೊಳ್ಳಲು ಬಿಡುವು ಬೇಕು. ಆ ಬಿಡುವನ್ನು ಕೊಡುವುದು ಯಂತ್ರ. ಯಂತ್ರದಿಂದ ಕೆಡುಕಾಗಿದ್ದರೆ ತಪ್ಪು ಯಂತ್ರದ್ದಲ್ಲ, ಅದರ ಲಾಭವನ್ನು ಕೆಲವರಿಗಷ್ಟೇ ಸಿಗುವಂತೆ ಮಾಡಿದ ಸಮಾಜದ ಏರ್ಪಾಡಿನದು. ಬದಲಾಗಬೇಕಾದದ್ದು ಆ ಏರ್ಪಾಡು.

ನಾನು ಉತ್ಸಾಹದಿಂದಲೇ ಹೇಳುತ್ತಿದ್ದೆ. ಹಿತ್ತಲಿನಿಂದ ಸ್ಟೀಲ್ ಲೋಟಗಳ ಸದ್ದು ಬರುತ್ತಿತ್ತು. ನಮ್ಮ ಬಳಗದ ಹಿರಿಯ ಉಪಾಸಿಕೆಯೊಬ್ಬರು ಕೈ ಎತ್ತಿದರು. "ಸಾರ್, ಬಿಡುವಿನ ವಿಷಯ ಚೆನ್ನಾಗಿ ಹೇಳ್ತಾ ಇದೀರಿ. ಅದನ್ನ ಕೇಳಬೇಕಾದವರು ಹಿಂದೆ ನಿಮ್ಮ ಲೋಟ ತೊಳೀತಾ ಇದಾರೆ."

ಇಪ್ಪತ್ತೈದು ಜನ ಕೂತಿದ್ದ ಜಗಲಿಯಲ್ಲಿ ಒಬ್ಬರೂ ಮಾತಾಡಲಿಲ್ಲ. ಎಷ್ಟು ಭಾನುವಾರ ಹೀಗೆ ಕಳೆದಿದ್ದವೋ! ನಾವು ಗಂಡಸರು ಸಮತೆಯ ಬಗ್ಗೆ ಮಾತಾಡುತ್ತಿದ್ದೆವು, ಹೆಣ್ಣುಮಕ್ಕಳು ನಮ್ಮ ಎಂಜಲು ಲೋಟ ತೊಳೆಯುತ್ತಿದ್ದರು. ನಮ್ಮ ಊರ ಹತ್ತಿರದ ಕಾವಲಿನಲ್ಲಿ ಪೈಲಟ್ ಇಲ್ಲದ ವಿಮಾನ ಹಾರಿಸಿ ನೋಡುತ್ತಾರೆ. ಅದನ್ನು ಹೆಮ್ಮೆಯಿಂದ ನೆಂಟರಿಗೆ ಹೇಳುವ ನಾನು, ನನ್ನ ಹಿತ್ತಲಿಗೆ ಒಂದು ಯಂತ್ರ ಬರುವುದನ್ನು ತೃಷ್ಣೆ ಅಂದಿದ್ದೆ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. 1946ರಲ್ಲಿ ಕಾರ್ಖಾನೆಯ ದುಡಿಮೆ ವಾರಕ್ಕೆ 48 ಗಂಟೆಗೆ ಇಳಿಯಿತು. ಅಡುಗೆಮನೆಯ ದುಡಿಮೆಗೆ ಅಂಥ ಕಾನೂನಿಲ್ಲ. ಅದನ್ನು ಮನೆಯವರೇ ಮಾಡಿಕೊಳ್ಳಬೇಕು.

ಮಾರನೆಯ ದಿನದಿಂದ ಒಂದು ತಿಂಗಳು ರಾತ್ರಿಯ ಪಾತ್ರೆ ನಾನು ತೊಳೆದೆ. ದೊಡ್ಡ ತ್ಯಾಗವೇನಲ್ಲ, ಲೆಕ್ಕ ತಿಳಿಯಲಿ ಎಂದು. ಹದಿನೈದು ಲೀಟರಿನ ಬಕೆಟ್ ಮೂರು ಖಾಲಿಯಾಗುತ್ತಿದ್ದವು. ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಮುದ್ದೆ ಪಾತ್ರೆಯನ್ನು ಉಂಡ ಕೂಡಲೇ ನೆನೆ ಹಾಕದಿದ್ದರೆ ತಳ ಬಿಡುವುದಿಲ್ಲ ಎಂಬುದು ಇಷ್ಟು ವಯಸ್ಸಾದ ಮೇಲೆ ಗೊತ್ತಾಯಿತು. ಕುಕ್ಕರಗಾಲಲ್ಲಿ ಕೂತು ಏಳುವಾಗ ಸೊಂಟ ಹಿಡಿಯುತ್ತಿತ್ತು. ಯಂತ್ರದ ಲೆಕ್ಕವನ್ನೂ ನೋಡಿದೆ. ಒಂದು ಸಲಕ್ಕೆ ಸುಮಾರು ಹತ್ತು ಹನ್ನೆರಡು ಲೀಟರ್ ನೀರು, ಹೆಚ್ಚುಕಡಿಮೆ ಒಂದು ಯೂನಿಟ್ ಕರೆಂಟು. ನಮ್ಮಂಥ ಬರದ ತಾಲ್ಲೂಕಿನಲ್ಲಿ ನೀರಿನ ಲೆಕ್ಕ ಸಣ್ಣದಲ್ಲ. ಆದರೆ ಮುದ್ದೆ ಪಾತ್ರೆ, ಕಾವಲಿ, ಕೋಲು ಕೈಯಲ್ಲೇ ಆಗಬೇಕು. ತಟ್ಟೆ ಲೋಟಗಳ ಎಂಜಲು ತೆಗೆದು ಯಂತ್ರದೊಳಗೆ ಜೋಡಿಸುವುದು, ತೊಳೆದ ಮೇಲೆ ತೆಗೆದಿಡುವುದು ಮನುಷ್ಯರ ಕೆಲಸವೇ. ಆ ಕೈ ಕೂಡ ಅವಳದೇ ಆದರೆ ಯಂತ್ರ ಬಂದೂ ಅರ್ಧ ಬಿಡುವೇ ಸಿಗುವುದು.

ಮಜ್ಝಿಮ ನಿಕಾಯದಲ್ಲಿ ಒಂದು ಪ್ರಸಂಗ ಬರುತ್ತದೆ. ಗೋಸಿಂಗ ಸಾಲವನದಲ್ಲಿ ಅನುರುದ್ಧ, ನಂದಿಯ, ಕಿಂಬಿಲ ಎಂಬ ಮೂವರು ಭಿಕ್ಷುಗಳು ಇದ್ದರು. ನೀವು ಸಾಮರಸ್ಯದಿಂದ ಇದ್ದೀರಾ ಎಂದು ಭಗವಾನರು ವಿಚಾರಿಸುತ್ತಾರೆ. ಅವರು ತಮ್ಮ ದಿನಚರಿ ಹೇಳುತ್ತಾರೆ: ಭಿಕ್ಷೆಯಿಂದ ಮೊದಲು ಬಂದವರು ಆಸನ ಹಾಕಿ ನೀರು ಇಡುತ್ತಾರೆ, ಕೊನೆಗೆ ಬಂದವರು ಎಂಜಲಿನ ಪಾತ್ರೆ ತೊಳೆದು ಊಟದ ಜಾಗ ಗುಡಿಸುತ್ತಾರೆ, ನೀರಿನ ಗಡಿಗೆ ಖಾಲಿ ಇರುವುದನ್ನು ಯಾರು ನೋಡುತ್ತಾರೋ ಅವರೇ ತುಂಬುತ್ತಾರೆ. ಅನುರುದ್ಧ ಶಾಕ್ಯ ಕುಲದವನು. ಆದರೂ ಅಲ್ಲಿ ಪಾತ್ರೆ ತೊಳೆಯಲು ಒಂದು ಜಾತಿ ಇಲ್ಲ, ಕೆಳಗಿನವರು ಎಂಬ ಒಬ್ಬರಿಲ್ಲ. ಕೆಲಸ ಕಂಡವರದ್ದು ಕೆಲಸ. ಸಾಮರಸ್ಯ ಎಲ್ಲಿದೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರದಲ್ಲಿ ಪಾತ್ರೆ ತೊಳೆಯುವುದೂ ಸೇರಿತ್ತು.

ತಿಂಗಳು ಮುಗಿದ ಮೇಲೆ ಹೆಂಡತಿಯ ಹತ್ತಿರ ಹೋಗಿ, "ಏನು ಮಾಡೋಣ ಹೇಳು, ಯಂತ್ರ ಬೇಕಾ ಬೇಡವಾ?" ಅಂದೆ. ಅವಳು ಹೇಳಿದ್ದು ಇದು: "ಅಪ್ಪ ಮಗಳು ವಾದ ಮಾಡಿದ್ರಿ. ಪಕ್ಕದ ಮನೆಯವರು ಬುದ್ಧಿ ಹೇಳಿದ್ರು. ನನ್ನ ಯಾರೂ ಕೇಳೇ ಇರಲಿಲ್ಲವಲ್ರೀ. ಇವತ್ತು ಕೇಳಿದ್ರಿ."

ನನ್ನ ಎಲ್ಲ ಲೆಕ್ಕಕ್ಕಿಂತ ಆ ಮಾತು ಭಾರವಾಗಿತ್ತು. ಆಮೇಲೆ ಅವಳೇ ತೀರ್ಮಾನ ಹೇಳಿದಳು. ಯಂತ್ರ ಬರಲಿ. ಜೋಡಿಸುವುದು, ತೆಗೆದಿಡುವುದು ನನ್ನದು ಮತ್ತು ಮಗನದು. ಮುದ್ದೆ ಪಾತ್ರೆ ಸರದಿಯ ಮೇಲೆ. ಅವಳ ಸಂಜೆ ಅವಳದು.

ಬುದ್ಧ ಬಡತನವನ್ನು ಭಾಗ್ಯವೆಂದು ಹೊಗಳಲಿಲ್ಲ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಒತ್ತಿ ಹೇಳಿದ್ದಾರೆ. ಹಾಗೆಯೇ ಇನ್ನೊಬ್ಬರ ದಣಿವನ್ನು ನಮ್ಮ ಸರಳತೆ ಎಂದು ಹೊಗಳಿಕೊಳ್ಳುವುದು ಧಮ್ಮವಲ್ಲ. ಒಂದು ವಸ್ತು ತೃಷ್ಣೆಯೋ ಅಗತ್ಯವೋ ಎಂದು ಕೊಳ್ಳದೆ ಕೂತವನು ಒಬ್ಬನೇ ಹೇಳಲಾಗದು. ಅದಿಲ್ಲದೆ ಯಾರ ಕೈ ಬಿರಿಯುತ್ತಿದೆಯೋ ಅವರನ್ನು ಕೇಳಬೇಕು. ಯಂತ್ರ ಕೊಳ್ಳುವ ಶಕ್ತಿ ಇಲ್ಲದ ಮನೆಯಲ್ಲೂ ಕೇಳುವ ಶಕ್ತಿ, ಸರದಿ ಹಾಕಿಕೊಳ್ಳುವ ಶಕ್ತಿ ಇದ್ದೇ ಇದೆ.

ಹೋದ ಭಾನುವಾರ ನಮ್ಮ ಬಳಗದಲ್ಲಿ ಟೀ ಕುಡಿದವರೆಲ್ಲ ತಮ್ಮ ತಮ್ಮ ಲೋಟ ತೊಳೆದಿಟ್ಟು ಬಂದು ಕೂತರು. ಹೋಟೆಲಿನಲ್ಲಿ ಅವಮಾನಕ್ಕಾಗಿ ತೊಳೆಸಿದ ಲೋಟವನ್ನು ಇಲ್ಲಿ ಸಮತೆಗಾಗಿ ತೊಳೆದೆವು. ನನ್ನ ಹೆಂಡತಿ ಮುಂದಿನ ಸಾಲಿನಲ್ಲಿ, ಪುಸ್ತಕ ತೆರೆದುಕೊಂಡು ಕೂತಿದ್ದಳು.

ಇಂದಿನ ಅಭ್ಯಾಸ: ರಾತ್ರಿ ಊಟವಾದ ಮೇಲೆ ನಿಮ್ಮ ತಟ್ಟೆ ನೀವೇ ತೊಳೆಯಿರಿ. ಆಮೇಲೆ ಮನೆಯಲ್ಲಿ ಹೆಚ್ಚು ದುಡಿಯುವವರ ಹತ್ತಿರ ಕೂತು ಒಂದು ಮಾತು ಕೇಳಿ: "ನಿನಗೆ ಬಿಡುವು ಸಿಕ್ಕರೆ ಏನು ಮಾಡಬೇಕು ಅಂತ ಆಸೆ?"

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್. 🙏