ಯುದ್ಧದ ಮೂಲವೂ ಮನದ ಮಾಯೆಯೂ

ರಾಷ್ಟ್ರ ರಾಷ್ಟ್ರಗಳು ಏಕೆ ಕಾದಾಡುತ್ತವೆ? ಈ ಪ್ರಶ್ನೆಗೆ ಉತ್ತರವನ್ನು ದೂರದೇಶಗಳಲ್ಲಿ ಅರಸಬೇಕಾಗಿಲ್ಲ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಹಾದಿಯಲ್ಲಿರುವ ಪಾಪಿನಾಯಕನಹಳ್ಳಿಯಂತಹ ಊರುಗಳ ಮಕ್ಕಳಿಗೆ ಹಂಪೆಯ ಹಾಳು ನೆರೆಯ ನೋಟವೇ ಆಗಿದೆ. ಇದನ್ನು ಕೆಡವಿದವರಾರೆಂದು ಮಗು ಕೇಳಿದರೆ ಹಿರಿಯರು ಶತ್ರುಗಳ ಹೆಸರನ್ನು ಹೇಳಿ ಸುಮ್ಮನಾಗುತ್ತಾರೆ. ಆ ಉತ್ತರ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ.

ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಹದಿನಾಲ್ಕನೆಯ ಶತಮಾನದಿಂದಲೇ ಹೊಡೆದಾಡಿದರು. ಬಹಮನಿ ರಾಜ್ಯ ಒಡೆದು ಐದಾದ ಮೇಲೆ, ಸದಾಶಿವರಾಯನ ಹೆಸರಿನಲ್ಲಿ ಆಳುತ್ತಿದ್ದ ಅಳಿಯ ರಾಮರಾಯನು ಅವರ ಒಳಜಗಳಗಳಲ್ಲಿ ಕೈಯಿಕ್ಕಿದನು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಹನಿಗೆ ಅವನು ಅರಸನಾಗುವ ಮುನ್ನ ಏಳು ವರ್ಷ ಆಶ್ರಯವಿತ್ತವನು ಇದೇ ರಾಮರಾಯ. ಬಿಜಾಪುರದ ಅಲಿ ಆದಿಲ್ ಷಹನ ಜೊತೆಗೂಡಿ 1560ರ ಸುಮಾರಿನಲ್ಲಿ ಅಹಮದ್‌ನಗರದ ಹುಸೇನ್ ನಿಜಾಂ ಷಹನನ್ನು ಮಣಿಸಿದವನೂ ಇವನೇ. ಹೀಗಿರುವಾಗ ಈ ವೈರಕ್ಕೆಲ್ಲ ಮತಭೇದವೊಂದೇ ಕಾರಣವೆಂದರೆ ಒಪ್ಪುವುದೆಂತು?

ಆ ಸಂಧಿಯ ಷರತ್ತುಗಳನ್ನು ನೋಡಬೇಕು. ಕಲ್ಯಾಣದ ಕೋಟೆಯನ್ನು ಬಿಜಾಪುರಕ್ಕೆ ಬಿಟ್ಟುಕೊಡಬೇಕು. ಹುಸೇನನು ತಾನೇ ಬಂದು ರಾಮರಾಯನ ಕೈಯಿಂದ ತಾಂಬೂಲ ಸ್ವೀಕರಿಸಬೇಕು. ಬಸವಣ್ಣನವರು ದಾಸೋಹ ನಡೆಸಿದ ಕಲ್ಯಾಣವು ಅರಸರ ಪಣದ ವಸ್ತುವಾಯಿತು. ಕೋಟೆ ಹೋದ ನೋವಿಗಿಂತ ಆ ತಾಂಬೂಲದ ಅವಮಾನವೇ ಹೆಚ್ಚು ಆಳಕ್ಕಿಳಿದಿರಬೇಕು. ಪರಸ್ಪರ ಶತ್ರುಗಳಾಗಿದ್ದ ಸುಲ್ತಾನರು ಒಂದಾದರು. ಹುಸೇನನ ಮಗಳು ಚಾಂದಬೀಬಿಯನ್ನು ಅಲಿಗೆ ಕೊಟ್ಟು ಮದುವೆಯಾಯಿತು. 1565ರ ಜನವರಿ 23ರಂದು ಕೃಷ್ಣೆಯ ಬಳಿ ರಕ್ಕಸಗಿ ತಂಗಡಗಿಗಳ ಕಾಳಗದಲ್ಲಿ ರಾಮರಾಯನ ತಲೆಯುರುಳಿತು. ತಮ್ಮ ತಿರುಮಲನು ಅರಸನನ್ನು ಕರೆದುಕೊಂಡು ಪೆನುಕೊಂಡೆಗೆ ಹೋದನು. ಕಾಯುವವರಿಲ್ಲದ ನಗರ ತಿಂಗಳುಗಟ್ಟಲೆ ಸೂರೆಯಾಯಿತು.

ಗೆದ್ದವರಾದರೂ ಏನು ಪಡೆದರು? ಕೆಲಕಾಲದಲ್ಲೇ ಮತ್ತೆ ತಮ್ಮೊಳಗೆ ಕಾದಾಡಿದರು. ಅಹಮದ್‌ನಗರದ ಕೋಟೆ 1600ರಲ್ಲಿ, ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಮೊಗಲರ ಪಾಲಾದವು. ಸೋತವನ ಹಾಳನ್ನು ಕಂಡ ಗೆದ್ದವನು ಅದು ತನಗೂ ಬರಬಹುದೆಂದು ತಿಳಿಯಲಿಲ್ಲ.

ಇದೇ ವಿಜಯನಗರದಲ್ಲಿ ಒಂದು ಶತಮಾನ ಮುಂಚೆ, ಪ್ರೌಢದೇವರಾಯನ ಕಾಲದಲ್ಲಿ, ವಿರಕ್ತರು ನೆರೆದು ಶರಣರ ವಚನಗಳನ್ನು ಕೂಡಿಸಿ ಉಳಿಸಿದರು. ಚಾಮರಸನು ಅಲ್ಲಮನ ಚರಿತ್ರೆಯಾದ ಪ್ರಭುಲಿಂಗಲೀಲೆಯನ್ನು ಬರೆದನು. ಅಲ್ಲಮಪ್ರಭುವಿನ ಬೋಧೆ ಸ್ಪಷ್ಟವಾದದ್ದು: ಮಾಯೆಯಿರುವುದು ಮಣ್ಣಿನಲ್ಲಲ್ಲ, ಹೊನ್ನಿನಲ್ಲಲ್ಲ, ಅದನ್ನು ಬಯಸಿ ನಿಂತ ಮನಸ್ಸಿನಲ್ಲಿ. ಎಡೆದೊರೆಯ ಕರಿಮಣ್ಣು ಯಾರನ್ನೂ ಯುದ್ಧಕ್ಕೆ ಕರೆಯಲಿಲ್ಲ. ತನ್ನದಾಗಬೇಕೆಂಬ ಆಸೆ, ತಾನು ಹಿರಿಯನೆನಿಸಬೇಕೆಂಬ ಅಹಂಕಾರ, ನೆರೆಯವನು ಬಲಿತಾನೆಂಬ ಭಯ ಈ ಮೂರೂ ಕರೆದವು. ವಚನಗಳ ಓಲೆಗಳು ನಗರದಲ್ಲಿದ್ದವು. ಅವುಗಳ ಅರಿವು ರಾಜ್ಯಭಾರದಲ್ಲಿ ಇಳಿಯಲಿಲ್ಲ.

ಹಾಗಾದರೆ ಆಯುಧ ಹಿಡಿಯುವುದೆಲ್ಲವೂ ಪಾಪವೇ ಎಂದು ಕೆಲವರು ಕೇಳಬಹುದು. ಕಲ್ಯಾಣದಿಂದ ಹೊರಟ ಶರಣರನ್ನೂ ವಚನದ ಕಟ್ಟುಗಳನ್ನೂ ಕಾಯಲು ಮಡಿವಾಳ ಮಾಚಿದೇವನು ಸೇನೆಗೆ ಎದುರು ನಿಂತನೆಂದು ಪರಂಪರೆ ಹೇಳುತ್ತದೆ. ಶರಣಾಗತರ ರಕ್ಷಣೆ ಬೇರೆ, ಪರರ ನೆಲದ ಆಸೆ ಬೇರೆ. ಆದರೆ ಯುದ್ಧ ಹೂಡುವ ಪ್ರತಿಯೊಬ್ಬನೂ ತನ್ನದು ರಕ್ಷಣೆಯೆಂದೇ ಹೇಳಿಕೊಳ್ಳುತ್ತಾನೆ. ಇದನ್ನು ಅಳೆಯುವ ಒರೆಗಲ್ಲು ಒಂದೇ: ತನ್ನ ತಪ್ಪನ್ನು ಎದುರಿಗೆ ಹೇಳುವವನನ್ನು ಆ ರಾಜ್ಯ ಸಹಿಸುತ್ತದೆಯೇ? ಅನುಭವ ಮಂಟಪದಲ್ಲಿ ಪ್ರಶ್ನೆಗೆ ಎಡೆಯಿತ್ತು. ಪ್ರಶ್ನೆಯಿಲ್ಲದ ಆಸ್ಥಾನದಲ್ಲಿ ಆಸೆಯೇ ರಕ್ಷಣೆಯ ವೇಷ ತೊಡುತ್ತದೆ.

ಹಿಂದಿನ ತಪ್ಪಿನಿಂದ ಕಲಿಯುವುದು ಅಸಾಧ್ಯವೇನಲ್ಲ. ಅದೇ ತುಂಗಭದ್ರೆಗೆ ಹೊಸಪೇಟೆಯ ಬಳಿ 1945ರಲ್ಲಿ ಮದರಾಸು ಮತ್ತು ಹೈದರಾಬಾದು ಸರ್ಕಾರಗಳು ಕೂಡಿ ಅಣೆಕಟ್ಟಿನ ಕೆಲಸ ಆರಂಭಿಸಿದವು. 1953ರಲ್ಲಿ ತುಂಗಭದ್ರಾ ಮಂಡಳಿ ಸ್ಥಾಪಿತವಾಯಿತು. ಎಡದಂಡೆಯ ಕಾಲುವೆ ಇಂದು ಎಡೆದೊರೆ ನಾಡಿಗೆ ನೀರುಣಿಸುತ್ತದೆ. ಬಲದಂಡೆಯ ನೀರು ಬಳ್ಳಾರಿಯ ಸೀಮೆಗೂ ಆಂಧ್ರಕ್ಕೂ ಹರಿಯುತ್ತದೆ. ವ್ಯಾಜ್ಯಗಳು ಇಲ್ಲವೆಂದಲ್ಲ. ಆದರೆ ಅವು ಲೆಕ್ಕದ ಪುಸ್ತಕದಲ್ಲಿ, ನ್ಯಾಯಾಧಿಕರಣದಲ್ಲಿ ನಡೆಯುತ್ತವೆಯೇ ಹೊರತು ರಣರಂಗದಲ್ಲಲ್ಲ. ತಲೆಗಳುರುಳಿದರೂ ಇತ್ಯರ್ಥವಾಗದ ನೆಲದಲ್ಲಿ ಇಂದು ಭತ್ತ ಬೆಳೆಯುತ್ತಿದೆ.

ಅರಸರ ತಪ್ಪು ಅರಸರಿಗಷ್ಟೇ ಸೇರಿದ್ದೆಂದು ಗೃಹಸ್ಥನು ನಿಶ್ಚಿಂತನಾಗಬಾರದು. ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಮಾತು ಬಿಡುವಲ್ಲಿ, ಸೋತ ದಾಯಾದಿಯನ್ನು ನಾಲ್ಕು ಜನರ ಮುಂದೆ ತಲೆತಗ್ಗಿಸಿ ನಿಲ್ಲಿಸುವಲ್ಲಿ ಆ ತಾಂಬೂಲದ ಷರತ್ತೇ ಮರುಹುಟ್ಟು ಪಡೆಯುತ್ತದೆ. ನ್ಯಾಯ ತನ್ನ ಕಡೆಗಿದ್ದಾಗಲೂ ಎದುರಿನವನ ಮಾನವನ್ನು ಉಳಿಸುವುದು ಶರಣಧರ್ಮ. ಮಗು ಹಂಪೆಯ ಕಲ್ಲುಗಳನ್ನು ತೋರಿಸಿ ಕೇಳಿದಾಗ, ಕೆಡವಿದವರ ಹೆಸರಿನೊಡನೆ ಕೆಡವಿಸಿದ ಗುಣಗಳ ಹೆಸರನ್ನೂ ಹಿರಿಯರು ಹೇಳಲಿ. ಮೊದಲನೆಯದನ್ನಷ್ಟೇ ಕೇಳಿ ಬೆಳೆದ ಮಗು ದ್ವೇಷವನ್ನು ಕಲಿಯುತ್ತದೆ. ಎರಡನೆಯದನ್ನೂ ಅರಿತ ಮಗು ತನ್ನನ್ನು ತಾನು ನೋಡಿಕೊಳ್ಳುವುದನ್ನು ಕಲಿಯುತ್ತದೆ.